ಮನಶ್ಶಾಂತಿಯಿಂದ ವಿಶ್ವಶಾಂತಿ: ಒಬ್ಬ ವೈದ್ಯನ ಕೆಲವು ವಿಚಾರಗಳು

ಯಾವುದೇ ಪೂಜೆಯ ಕೊನೆಯಲ್ಲಿ ನಾವು ‘ಶಾಂತಿ’ ಎಂಬ ಪದವನ್ನು ಮೂರು ಸಲ ಹೇಳುತ್ತೇವೆ. ಮೂರೇ ಸಲ ಏಕೆ ಎಂದು ಚಿಕ್ಕವನಿದ್ದಾಗ ನಾನು ಅಜ್ಜನನ್ನು ಕೇಳಿದ್ದೆ. ಮನುಷ್ಯನನ್ನು ಕಾಡುವ ತಾಪಗಳು ಮೂರು ಬಗೆಯವು. ನಮ್ಮ ಮೈಮನಸ್ಸುಗಳಿಂದಲೇ ಹುಟ್ಟುವುದು ಆಧ್ಯಾತ್ಮಿಕ, ಇತರ ಜೀವಿಗಳಿಂದ ಬರುವುದು ಆಧಿಭೌತಿಕ, ಸಿಡಿಲು, ಪ್ರವಾಹ, ಭೂಕಂಪಗಳಂತೆ ಕೈಮೀರಿ ಬರುವುದು ಆಧಿದೈವಿಕ. ಈ ಮೂರೂ ಶಮನವಾಗಲಿ ಎಂದು ಮೂರು ಸಲ ಹೇಳುತ್ತೇವೆ ಎಂದು ಅಜ್ಜ ವಿವರಿಸಿದ್ದರು. ಈ ಮೂರರಲ್ಲಿ ನಮ್ಮ ಕೈಯಲ್ಲಿ ಇರುವುದು ಮೊದಲನೆಯದು ಮಾತ್ರ ಎಂಬುದನ್ನು ಅವರು ಹೇಳಿರಲಿಲ್ಲ. ಅದನ್ನು ನನಗೆ ಹೇಳಿಕೊಟ್ಟವಳು ನನ್ನ ಮಗಳು.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸಂಘದ ಯುಗಾದಿ ಪೂಜೆ ಮುಗಿಸಿ, ಬೇವು-ಬೆಲ್ಲ ತಿಂದು, ಊಟಕ್ಕೆ ಇನ್ನೂ ಹೊತ್ತಿದೆಯೆಂದು ಕಾರಿನಲ್ಲಿದ್ದ ಹೋಳಿಗೆಯ ಡಬ್ಬಿ ತರಲು ಹೋಗಿದ್ದೆ. ಹನ್ನೊಂದು ವರ್ಷದ ಮಗಳೂ ಜೊತೆಗೆ ಬಂದಿದ್ದಳು. ಆಗ ತೀರ್ಥಹಳ್ಳಿಯಿಂದ ಅಣ್ಣನ ಫೋನ್ ಬಂತು. ಹಬ್ಬದ ಶುಭಾಶಯ ಹೇಳಿದ ಮೇಲೆ, ಅಪ್ಪ ಕಟ್ಟಿಸಿದ ಮನೆಯನ್ನು ಕೊಳ್ಳಲು ಒಬ್ಬರು ಮುಂದೆ ಬಂದಿದ್ದಾರೆ, ಮಾತುಕತೆ ಆಗಿದೆ, ನಿನ್ನ ಸಹಿ ಬೇಕಾಗುತ್ತದೆ ಎಂದ. ನನ್ನನ್ನು ಒಂದು ಮಾತು ಕೇಳದೆ ಮಾತುಕತೆ! ಮುಂದಿನ ಐದು ನಿಮಿಷ ಆ ಪಾರ್ಕಿಂಗ್ ಲಾಟಿನಲ್ಲಿ ನಾನು ಏನೇನು ಕೂಗಾಡಿದೆನೋ ಪೂರ್ತಿಯಾಗಿ ನೆನಪಿಲ್ಲ. ಫೋನ್ ಇಟ್ಟಾಗ ಕೈ ನಡುಗುತ್ತಿತ್ತು. ಮಗಳು ಹೋಳಿಗೆಯ ಡಬ್ಬಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

“ಅಪ್ಪ, ಈಗ್ತಾನೇ ಒಳಗೆ ಮೂರು ಸಲ ಶಾಂತಿ ಅಂದ್ಯಲ್ಲ?” ಎಂದಳು. ಅವಳದು ತುಂಟತನದ ಪ್ರಶ್ನೆಯಾಗಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದಳು.

ಅಣ್ಣನೊಂದಿಗೆ ಮೂರು ವರ್ಷ ನಾನು ಮಾತನಾಡಲಿಲ್ಲ. ಆ ಮೂರು ವರ್ಷಗಳಲ್ಲಿ ಎಷ್ಟೋ ರೋಗಿಗಳಿಗೆ “ಸಿಟ್ಟು ಮಾಡಿಕೊಳ್ಳಬೇಡಿ, ಹೃದಯಕ್ಕೆ ಒಳ್ಳೆಯದಲ್ಲ” ಎಂದು ಬುದ್ಧಿ ಹೇಳಿದ್ದೇನೆ. ಮಗಳ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಹುಡುಕುತ್ತಾ ಓದಿದ್ದು, ಕಂಡಿದ್ದು, ಕಲಿತಿದ್ದನ್ನು ಈ ಯುಗಾದಿಯ ಸಂಚಿಕೆಯ ಓದುಗರೊಂದಿಗೆ ಹಂಚಿಕೊಳ್ಳುವ ಪ್ರಯತ್ನವೇ ಈ ಲೇಖನ.

ಸಿಟ್ಟು ಬಂದಾಗ ದೇಹದಲ್ಲಿ ಏನಾಗುತ್ತದೆ?

ನನಗೆ ಚೆನ್ನಾಗಿ ಗೊತ್ತಿರುವ ವಿಷಯದಿಂದಲೇ ಆರಂಭಿಸುತ್ತೇನೆ. ನಮ್ಮ ಮಿದುಳಿನ ಒಳಭಾಗದಲ್ಲಿ, ಎರಡೂ ಬದಿಗೆ, ಬಾದಾಮಿ ಬೀಜದ ಆಕಾರದ ಅಮಿಗ್ಡಲಾ ಎಂಬ ಪುಟ್ಟ ಭಾಗವಿದೆ. ಅಪಾಯದ ಸುಳಿವು ಸಿಕ್ಕ ಕೂಡಲೇ ಗಂಟೆ ಬಾರಿಸುವುದು ಅದರ ಕೆಲಸ. ಅದು ಗಂಟೆ ಬಾರಿಸಿದರೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಸ್ವಲ್ಪ ಹೊತ್ತಿನಲ್ಲಿ ಕಾರ್ಟಿಸಾಲ್ ಕೂಡ ಏರುತ್ತದೆ. ಹೃದಯದ ಬಡಿತ ಹೆಚ್ಚುತ್ತದೆ, ರಕ್ತದ ಒತ್ತಡ ಏರುತ್ತದೆ, ರಕ್ತ ಹೊಟ್ಟೆಯನ್ನು ಬಿಟ್ಟು ಸ್ನಾಯುಗಳ ಕಡೆಗೆ ಹರಿಯುತ್ತದೆ. ಹೊಡೆದಾಟಕ್ಕೆ ಅಥವಾ ಓಟಕ್ಕೆ ದೇಹದ ಈ ಸಿದ್ಧತೆಯನ್ನು ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದರು. ಮಲೆನಾಡಿನ ಕಾಡುದಾರಿಯಲ್ಲಿ ಹುಲಿ ಎದುರಾದರೆ ಇದು ಜೀವ ಉಳಿಸುವ ಏರ್ಪಾಡು. ತೊಂದರೆಯೆಂದರೆ, ಅಮಿಗ್ಡಲಾಕ್ಕೆ ಹುಲಿಗೂ ಅಣ್ಣನ ಫೋನಿಗೂ ವ್ಯತ್ಯಾಸ ತಿಳಿಯುವುದಿಲ್ಲ!

ಆ ವ್ಯತ್ಯಾಸ ತಿಳಿಯುವುದು ಹಣೆಯ ಹಿಂದಿರುವ ಮಿದುಳಿನ ಮುಂಭಾಗಕ್ಕೆ. ವಿವೇಚನೆ, ಸಂಯಮ, ಮುಂದಾಲೋಚನೆ ಇವೆಲ್ಲ ಬಹುಮಟ್ಟಿಗೆ ಅದರ ಕೆಲಸ. ಆದರೆ ಅದರ ನಡಿಗೆ ನಿಧಾನ. ಗಂಟೆ ಬಾರಿಸಿದ ಮೇಲೆ ವಿವೇಕ ಬಂದು ಸೇರಲು ಸ್ವಲ್ಪ ಸಮಯ ಬೇಕು. ಮನಶ್ಶಾಂತಿ ಎಂದರೆ ಗಂಟೆಯೇ ಬಾರಿಸದ ಸ್ಥಿತಿ ಎಂದು ಬಹಳ ಜನ ತಿಳಿದಿದ್ದಾರೆ. ಬದುಕಿರುವ ಮನುಷ್ಯನಿಗೆ ಅದು ಸಾಧ್ಯವಿಲ್ಲ. ಗಂಟೆಗೂ ನಮ್ಮ ಬಾಯಿ ಅಥವಾ ಕೈಗೂ ನಡುವೆ ಒಂದಿಷ್ಟು ಬಿಡುವು ಉಳಿಸಿಕೊಳ್ಳುವುದನ್ನೇ ನಾನು ಮನಶ್ಶಾಂತಿ ಎಂದು ಕರೆಯುತ್ತೇನೆ.

ಈ ಬಿಡುವು ಇಲ್ಲದಿದ್ದರೆ ಮೊದಲ ಪೆಟ್ಟು ನಮಗೇ. 1995ರಲ್ಲಿ ‘ಸರ್ಕ್ಯುಲೇಷನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ಹೃದಯಾಘಾತವಾಗಿದ್ದ 1,623 ರೋಗಿಗಳನ್ನು ವಿಚಾರಿಸಿ ನಡೆಸಿದ ಅಧ್ಯಯನವೊಂದು ಪ್ರಕಟವಾಯಿತು. ತೀವ್ರ ಸಿಟ್ಟಿನ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಎರಡು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ ಎಂದು ಅದರಲ್ಲಿ ಕಂಡುಬಂತು.

ಇಷ್ಟೇ ಆಗಿದ್ದರೆ ಸಿಟ್ಟು ಪ್ರತಿಯೊಬ್ಬರ ಖಾಸಗಿ ವಿಚಾರ, ಅವರವರ ಹೃದಯ ಅವರವರಿಗೆ ಎಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಎರಡನೆಯ ಪೆಟ್ಟು ಬೇರೆಯವರಿಗೆ ಬೀಳುತ್ತದೆ. ನನ್ನ ವೃತ್ತಿಯದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ತರಬೇತಿ ಮುಗಿದ ಹೊಸದರಲ್ಲಿ, ಒಂದು ರಾತ್ರಿ ಎರಡು ಗಂಟೆಗೆ ನರ್ಸ್ ಒಬ್ಬಳು ಫೋನ್ ಮಾಡಿ ರೋಗಿಯೊಬ್ಬರ ರಕ್ತಪರೀಕ್ಷೆಯ ಅಂಕಿಯೊಂದನ್ನು ತಿಳಿಸಿದಳು. ಗಾಬರಿಪಡುವಂಥದ್ದೇನೂ ಆಗಿರಲಿಲ್ಲ. “ಇದಕ್ಕೆಲ್ಲ ಎಬ್ಬಿಸುತ್ತೀಯಾ?” ಎಂದು ರೇಗಿದೆ. ಒಂದು ವಾರದ ನಂತರ ಮತ್ತೊಬ್ಬ ರೋಗಿಯ ವಿಷಯದಲ್ಲಿ ಅವಳು ನಿಜವಾಗಿಯೂ ಫೋನ್ ಮಾಡಬೇಕಾಗಿತ್ತು. ಬೆಳಗಿನವರೆಗೆ ಕಾದಳು. ರೋಗಿ ಉಳಿದರು, ಅದು ನಮ್ಮ ಪುಣ್ಯ. ಏಕೆ ಕರೆಯಲಿಲ್ಲ ಎಂದು ಕೇಳಿದಾಗ ಅವಳು ತಲೆ ತಗ್ಗಿಸಿ ನಿಂತಿದ್ದು ಇಂದಿಗೂ ಕಣ್ಣಿಗೆ ಕಟ್ಟಿದೆ. ತಪ್ಪು ಅವಳದಾಗಿರಲಿಲ್ಲ.

ಇಂಥದ್ದನ್ನು ವಿಜ್ಞಾನಿಗಳು ಅಳೆದೂ ನೋಡಿದ್ದಾರೆ. ಇಸ್ರೇಲಿನಲ್ಲಿ ನವಜಾತ ಶಿಶುಗಳ ತುರ್ತು ಚಿಕಿತ್ಸೆ ಮಾಡುವ 24 ತಂಡಗಳಿಗೆ ಅಣಕು ಪರೀಕ್ಷೆಯೊಂದನ್ನು ಕೊಡಲಾಯಿತು. ಕೆಲವು ತಂಡಗಳಿಗೆ ಹೊರಗಿನ ತಜ್ಞನೊಬ್ಬ ನಡುವೆ ಒರಟು ಮಾತು ಆಡಿದ, ಉಳಿದವಕ್ಕೆ ಸಾಧಾರಣ ಮಾತು. ಒರಟು ಮಾತು ಕೇಳಿದ ತಂಡಗಳು ರೋಗ ಗುರುತಿಸುವುದರಲ್ಲಿಯೂ ಚಿಕಿತ್ಸೆಯಲ್ಲಿಯೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ಮಾಹಿತಿ ಹೇಳುವುದು, ಸಹಾಯ ಕೇಳುವುದು ಕಡಿಮೆಯಾಯಿತು. 2015ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಯೋಚಿಸಿ ನೋಡಿ. ಒಬ್ಬರ ಮನಸ್ಸು ಕದಡಿದರೆ ಅದರ ಬೆಲೆ ತೆರಬೇಕಾದದ್ದು ತೊಟ್ಟಿಲಿನಲ್ಲಿ ಮಲಗಿರುವ ಮಗು.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಯಾರ ಕೈಯಲ್ಲಿ ಇನ್ನೊಬ್ಬರ ಬದುಕು ಇದೆಯೋ ಅವರ ಮನಶ್ಶಾಂತಿ ಅವರ ಸ್ವಂತ ಸುಖದ ವಿಷಯವಲ್ಲ, ಅದು ಅವರು ಇತರರಿಗೆ ಸಲ್ಲಿಸಬೇಕಾದ ಋಣ. ತಂದೆತಾಯಿ, ಶಿಕ್ಷಕರು, ವೈದ್ಯರು, ಅಧಿಕಾರಿಗಳು, ದೇಶ ಆಳುವವರು ಎಲ್ಲರಿಗೂ ಇದು ಅನ್ವಯಿಸುತ್ತದೆ.

ಸನ್ನತಿಯ ಕಲ್ಲು ಹೇಳುವುದೇನು?

ಈ ಮಾತನ್ನು ಮೊದಲು ಹೇಳಿದವನು ನಾನೇನಲ್ಲ. ಸುಮಾರು 2,250 ವರ್ಷಗಳ ಹಿಂದೆಯೇ ಒಬ್ಬ ಚಕ್ರವರ್ತಿ ಇದನ್ನು ಆಜ್ಞೆಯಾಗಿ ಕಲ್ಲಿನಲ್ಲಿ ಕೊರೆಸಿದ್ದಾನೆ. ಆ ಕಲ್ಲುಗಳಲ್ಲೊಂದು ನಮ್ಮ ಕರ್ನಾಟಕದಲ್ಲೇ ಇದೆ.

ಅಶೋಕನ ಕಳಿಂಗ ಯುದ್ಧದ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಪಟ್ಟಾಭಿಷೇಕವಾದ ಎಂಟು ವರ್ಷಗಳಿಗೆ, ಅಂದರೆ ಕ್ರಿಸ್ತಪೂರ್ವ 261ರ ಸುಮಾರಿಗೆ, ಅವನು ಕಳಿಂಗವನ್ನು ಗೆದ್ದ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು, ಅದರ ಎಷ್ಟೋ ಪಟ್ಟು ಜನ ನಂತರ ಅಳಿದರು ಎಂದು ಅವನೇ ತನ್ನ 13ನೆಯ ಶಿಲಾಶಾಸನದಲ್ಲಿ ದುಃಖದಿಂದ ಹೇಳಿಕೊಂಡಿದ್ದಾನೆ. ಗೆದ್ದ ರಾಜನೊಬ್ಬ ತನ್ನ ಗೆಲುವಿಗಾಗಿ ಪಶ್ಚಾತ್ತಾಪ ಪಟ್ಟಿದ್ದನ್ನು ಕಲ್ಲಿನಲ್ಲಿ ಬರೆಸಿದ್ದು ಅಪರೂಪದ ಸಂಗತಿ.

ಶಾಲೆಯ ಪಾಠ ಇಲ್ಲಿಗೆ ನಿಲ್ಲುತ್ತದೆ. ಪಶ್ಚಾತ್ತಾಪ ಪಟ್ಟ ಮೇಲೆ ಅಶೋಕ ಏನು ಮಾಡಿದ ಎಂಬುದು ನನಗೆ ಅದಕ್ಕಿಂತ ಕುತೂಹಲದ ವಿಷಯ. ಕಳಿಂಗವನ್ನು ಅವನು ಬಿಟ್ಟುಕೊಡಲಿಲ್ಲ. ಪಶ್ಚಾತ್ತಾಪದ ಆ 13ನೆಯ ಶಾಸನವನ್ನು ಕಳಿಂಗದ ಧೌಲಿ, ಜೌಗಡಗಳಲ್ಲಿ ಕೊರೆಸಲೂ ಇಲ್ಲ. ಅದರ ಬದಲು ಅಲ್ಲಿನ ಅಧಿಕಾರಿಗಳನ್ನು, ನ್ಯಾಯ ವಿಚಾರಣೆ ಮಾಡುವವರನ್ನು ಉದ್ದೇಶಿಸಿ ಎರಡು ಪ್ರತ್ಯೇಕ ಆಜ್ಞೆಗಳನ್ನು ಕೊರೆಸಿದ. ಪ್ರಜೆಗಳೆಲ್ಲ ನನ್ನ ಮಕ್ಕಳು ಎಂಬ ಅವನ ಪ್ರಸಿದ್ಧ ಮಾತು ಬರುವುದು ಇಲ್ಲಿಯೇ. ಸಾವಿರಾರು ಜೀವಗಳು ನಿಮ್ಮ ಕೈಯಲ್ಲಿವೆ, ಯಾರೋ ಒಬ್ಬ ಕಾರಣವಿಲ್ಲದೆ ಸೆರೆಮನೆ ಸೇರಿದರೆ ಅವನೊಂದಿಗೆ ಇನ್ನೂ ಅನೇಕರು ನೋಯುತ್ತಾರೆ ಎಂದು ಅಧಿಕಾರಿಗಳನ್ನು ಎಚ್ಚರಿಸುತ್ತಾನೆ.

ಇಂಥ ಅನ್ಯಾಯ ಏಕೆ ಆಗುತ್ತದೆ? ಅಶೋಕ ಕೊಡುವ ಕಾರಣಗಳನ್ನು ಓದಿದಾಗ ನನಗೆ ಒಬ್ಬ ನುರಿತ ವೈದ್ಯನ ರೋಗನಿದಾನವನ್ನು ಓದಿದಂತಾಯಿತು. ಅಸೂಯೆ, ಕೋಪ, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ಆಯಾಸ. ಇವು ತನ್ನಲ್ಲಿ ಇರದಿರಲಿ ಎಂದು ಪ್ರತಿಯೊಬ್ಬ ಅಧಿಕಾರಿಯೂ ಬಯಸಬೇಕು, ಕೋಪಗೊಳ್ಳದಿರುವುದೂ ಆತುರಪಡದಿರುವುದೂ ಇದಕ್ಕೆಲ್ಲ ಮೂಲ ಎಂದು ಅವನ ಆಜ್ಞೆ. ಪಟ್ಟಿಯಲ್ಲಿ ಆಯಾಸವೂ ಇದೆ ಎಂಬುದನ್ನು ಗಮನಿಸಿ. ದಣಿದವನು ನ್ಯಾಯವಾಗಿ ನಡೆದುಕೊಳ್ಳಲಾರ ಎಂಬುದು ಅವನಿಗೆ ತಿಳಿದಿತ್ತು. ರಾತ್ರಿ ಎರಡು ಗಂಟೆಗೆ ನರ್ಸಿನ ಮೇಲೆ ರೇಗಿದ ನನಗೂ ತಿಳಿದಿರಬೇಕಿತ್ತು. ಈ ಆಜ್ಞೆಯನ್ನು ಗೊತ್ತಾದ ದಿನಗಳಲ್ಲಿ ಗಟ್ಟಿಯಾಗಿ ಓದಿ ಕೇಳಿಸಬೇಕು, ಒಬ್ಬನೇ ಒಬ್ಬ ಕೇಳುಗ ಇದ್ದರೂ ಓದಬೇಕು ಎಂದೂ ಅವನು ವಿಧಿಸಿದ. ಅಷ್ಟೇ ಅಲ್ಲ, ಐದು ವರ್ಷಕ್ಕೊಮ್ಮೆ ಒರಟಲ್ಲದ, ಉಗ್ರನಲ್ಲದ ಅಧಿಕಾರಿಯೊಬ್ಬನನ್ನು ತನಿಖೆಗೆ ಕಳಿಸುತ್ತೇನೆ ಎಂದ.

ಇನ್ನು ಕರ್ನಾಟಕದ ಸಂಬಂಧ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯ ಮೇಲೆ ಸನ್ನತಿ ಎಂಬ ಊರಿದೆ. ಅಲ್ಲಿನ ಚಂದ್ರಲಾಂಬಾ ದೇವಿ ನಮ್ಮಲ್ಲಿ ಎಷ್ಟೋ ಮನೆತನಗಳ ಕುಲದೇವತೆ. 1980ರ ದಶಕದಲ್ಲಿ ಆ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ನಂತರ ನೋಡಿದರೆ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಲಿಪಿಯ ಬರಹ! ಕಳಿಂಗದ ಅಧಿಕಾರಿಗಳಿಗೆಂದು ಧೌಲಿ, ಜೌಗಡಗಳಲ್ಲಿ ಕೊರೆಸಿದ್ದ ಅವೇ ಎರಡು ಪ್ರತ್ಯೇಕ ಆಜ್ಞೆಗಳು ಇಲ್ಲಿಯೂ ಇದ್ದವು. ಜೊತೆಗೆ 12 ಮತ್ತು 14ನೆಯ ಶಾಸನಗಳ ಭಾಗಗಳೂ ಇದ್ದವು. 12ನೆಯದು ಮಾತಿನ ಸಂಯಮದ ಬಗ್ಗೆ. ತನ್ನ ಮತವನ್ನು ಹೊಗಳಿ ಇನ್ನೊಬ್ಬರ ಮತವನ್ನು ಹಳಿಯುವವನು ಕೊನೆಗೆ ತನ್ನ ಮತಕ್ಕೇ ಹಾನಿ ಮಾಡುತ್ತಾನೆ ಎಂಬುದು ಅದರ ಸಾರ. ಇಂದಿನ ವಾಟ್ಸಾಪ್ ಗುಂಪುಗಳ ಬಾಗಿಲಿಗೆ ತೂಗುಹಾಕಬೇಕಾದ ಬೋರ್ಡು ಇದು.

ಅಶೋಕನನ್ನು ನಾನು ದೇವರನ್ನಾಗಿ ಮಾಡುತ್ತಿಲ್ಲ. ಪಶ್ಚಾತ್ತಾಪದ ಅದೇ ಶಾಸನದಲ್ಲಿ ಕಾಡಿನ ಜನರಿಗೆ ತನ್ನ ಶಕ್ತಿಯ ನೆನಪು ಕೊಟ್ಟು ಎಚ್ಚರಿಸಿದ್ದಾನೆ ಕೂಡ. ಆದರೆ ಮನಸ್ಸಿನ ಒಳಗೆ ಆದ ಬದಲಾವಣೆಯನ್ನು ಧ್ಯಾನದ ಕೋಣೆಯಲ್ಲಿ ಇಟ್ಟುಕೊಳ್ಳದೆ ಆಡಳಿತಕ್ಕೆ ತಂದ. 2ನೆಯ ಶಿಲಾಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು, ಔಷಧಿಯ ಗಿಡಗಳಿಲ್ಲದ ಕಡೆ ತರಿಸಿ ನೆಡಿಸುವುದು, ದಾರಿಯಲ್ಲಿ ಬಾವಿ ತೋಡಿಸುವುದು, ಇವುಗಳ ವರದಿ ಇದೆ. ಒಳಗಿನ ಶಾಂತಿ ನಿಜವೋ ಅಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ಶಾಂತಿಯೂ ರಕ್ತದೊತ್ತಡವೂ

“ಡಾಕ್ಟ್ರೇ, ನಾನು ದಿನಾ ಧ್ಯಾನ ಮಾಡುತ್ತೇನೆ, ಬಿ.ಪಿ. ಮಾತ್ರೆ ನಿಲ್ಲಿಸಬಹುದಲ್ಲ?” ಎಂದು ಕೇಳುವವರು ಬಹಳ. ಅವರಿಗೆ ನಾನು ಗಾಂಧೀಜಿಯವರ ಉದಾಹರಣೆ ಕೊಡುತ್ತೇನೆ. 1927ರ ಮಾರ್ಚ್‌ನಲ್ಲಿ ಪ್ರವಾಸದ ದಣಿವಿನ ನಡುವೆ, ಇಂದು ಬೆಳಗಾವಿ ಜಿಲ್ಲೆಗೆ ಸೇರಿದ ನಿಪ್ಪಾಣಿಯಲ್ಲಿ ಅವರ ಆರೋಗ್ಯ ಕುಸಿಯಿತು. ರಕ್ತದೊತ್ತಡ ವಿಪರೀತ ಏರಿತ್ತು. ವಿಶ್ರಾಂತಿಗೆಂದು ಏಪ್ರಿಲ್‌ನಲ್ಲಿ ನಂದಿಬೆಟ್ಟಕ್ಕೆ ಬಂದು ಸುಮಾರು ಒಂದೂವರೆ ತಿಂಗಳು ಇದ್ದರು, ನಂತರ ಬೆಂಗಳೂರಿನ ಕುಮಾರಪಾರ್ಕಿನಲ್ಲಿ ಉಳಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ಪ್ರಕಟಿಸಿದ ಅವರ ಆರೋಗ್ಯದ ದಾಖಲೆಗಳ ಪ್ರಕಾರ 1940ರ ಫೆಬ್ರವರಿಯಲ್ಲಿ ಅವರ ಬಿ.ಪಿ. 220/110! ಪ್ರತಿದಿನ ಪ್ರಾರ್ಥನೆ ಮಾಡಿದ ಮಹಾತ್ಮರಿಗೇ ಹೀಗಿದ್ದ ಮೇಲೆ ನಮ್ಮ ನಿಮ್ಮ ಪಾಡೇನು? ಆದ್ದರಿಂದ ಮಾತ್ರೆ ನಿಲ್ಲಿಸಬೇಡಿ. ಶಾಂತಿಯನ್ನು ಅಳೆಯುವ ಯಂತ್ರ ನಮ್ಮ ಕ್ಲಿನಿಕ್ಕಿನಲ್ಲಿ ಇಲ್ಲ.

ಗಾಂಧೀಜಿಯವರ ಶಾಂತಿಯನ್ನು ಅಳೆದದ್ದು 1947ರ ಕಲ್ಕತ್ತ. ಸ್ವಾತಂತ್ರ್ಯದ ದಿನ ದೆಹಲಿ ಸಂಭ್ರಮಿಸುತ್ತಿದ್ದಾಗ 77 ವರ್ಷದ ಆ ವೃದ್ಧರು ಕಲ್ಕತ್ತದ ಬೆಲಿಯಾಘಾಟದಲ್ಲಿ, ಹೈದರಿ ಮಂಜಿಲ್ ಎಂಬ ಹಳೆಯ ಮನೆಯಲ್ಲಿ ಉಪವಾಸ, ಪ್ರಾರ್ಥನೆಗಳಲ್ಲಿದ್ದರು. ಜೊತೆಗಿದ್ದವರು ಬಂಗಾಳದ ಮುಸ್ಲಿಂ ಲೀಗ್ ನಾಯಕ ಸುಹ್ರಾವರ್ದಿ. ಆಗಸ್ಟ್ 31ರ ರಾತ್ರಿ ಉದ್ರಿಕ್ತ ಗುಂಪು ಆ ಮನೆಗೆ ನುಗ್ಗಿತು. ಗಾಜು ಒಡೆಯಿತು, ಕಲ್ಲು, ದೊಣ್ಣೆ ಹಾರಿ ಬಂದವು. ಅವರು ಗುಂಪಿನ ಎದುರಿಗೇ ಬಂದು ನಿಂತರು. ಮರುದಿನ ಸಂಜೆ ಉಪವಾಸ ಆರಂಭಿಸಿದರು. ಹಿಂದೂ, ಮುಸ್ಲಿಂ, ಸಿಖ್ ಮುಖಂಡರು ಶಾಂತಿ ಕಾಪಾಡುವುದಾಗಿ ಬರೆದುಕೊಟ್ಟರು. ಗಲಭೆ ಮಾಡಿದವರೇ ಬಂದು ಆಯುಧಗಳನ್ನು ಅವರ ಮುಂದೆ ಇಟ್ಟರು. ಸೆಪ್ಟೆಂಬರ್ 4ರಂದು, 73 ಗಂಟೆಗಳ ನಂತರ ಅವರು ಉಪವಾಸ ನಿಲ್ಲಿಸಿದರು. ಪಂಜಾಬಿನಲ್ಲಿ 55,000 ಸೈನಿಕರಿದ್ದೂ ನಿಲ್ಲದ ಗಲಭೆ, ಬಂಗಾಳದಲ್ಲಿ ಒಬ್ಬನೇ ಮನುಷ್ಯನಿಂದ ನಿಂತಿದೆ ಎಂದು ಈ ಉಪವಾಸಕ್ಕೂ ಮೊದಲೇ ಮೌಂಟ್‌ಬ್ಯಾಟನ್ ಅವರಿಗೆ ಬರೆದಿದ್ದರು.

ಅವರ ಮನಸ್ಸಿನಲ್ಲಿ ನೋವು ಇರಲಿಲ್ಲವೇ? ನೋವಿತ್ತು, ಆ ದಿನಗಳಲ್ಲಿ ಅವರಷ್ಟು ನೊಂದವರು ವಿರಳ. ಆದರೆ ಆ ನೋವು ಮತ್ತೊಬ್ಬರ ಮೇಲಿನ ಕೋಪವಾಗಿ ಹೊರಬರಲಿಲ್ಲ. ಶಾಂತಿ ಎಂದರೆ ಜಗಳದಿಂದ ದೂರ ಹೋಗಿ ಕಣ್ಣುಮುಚ್ಚಿ ಕೂರುವುದಲ್ಲ ಎಂಬುದಕ್ಕೆ ಬೆಲಿಯಾಘಾಟವೇ ಸಾಕ್ಷಿ.

ಒಬ್ಬ ಅಧಿಕಾರಿಯ ಕೆಲವು ನಿಮಿಷಗಳು

ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು, ಏಕೆಂದರೆ ಅದು ಬೇರೆ ರೀತಿ ಆಗಿದ್ದರೆ ನಾವು ಇಲ್ಲಿ ಯುಗಾದಿ ಆಚರಿಸುತ್ತಿರಲಿಲ್ಲವೇನೋ.

1983ರ ಸೆಪ್ಟೆಂಬರ್ 26, ಮಧ್ಯರಾತ್ರಿ ಕಳೆದ ಹೊತ್ತು. ಮಾಸ್ಕೋದ ದಕ್ಷಿಣಕ್ಕಿರುವ ಸೋವಿಯತ್ ನೆಲೆಯೊಂದರಲ್ಲಿ ಲೆಫ್ಟಿನೆಂಟ್ ಕರ್ನಲ್ ಸ್ಟಾನಿಸ್ಲಾವ್ ಪೆಟ್ರೋವ್ ಪಾಳಿಯಲ್ಲಿದ್ದರು. ಅಮೆರಿಕದಿಂದ ಕ್ಷಿಪಣಿ ಹೊರಟಿದೆ ಎಂದು ಉಪಗ್ರಹದ ವ್ಯವಸ್ಥೆ ಸೈರನ್ ಕೂಗಿತು. ಮೊದಲು ಒಂದು, ಆಮೇಲೆ ಒಟ್ಟು ಐದು. ಎರಡು ದೇಶಗಳ ನಡುವೆ ಆಗ ವಿಷ ಕಾರುವ ಕಾಲ. ಅದೇ ಸೆಪ್ಟೆಂಬರ್ 1ರಂದು ಸೋವಿಯತ್ ಯುದ್ಧವಿಮಾನ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಿ 269 ಜನ ಸತ್ತಿದ್ದರು. ನಿಯಮದ ಪ್ರಕಾರ ಪೆಟ್ರೋವ್ ಮೇಲಿನವರಿಗೆ ದಾಳಿಯೆಂದು ತಿಳಿಸಬೇಕಿತ್ತು. ಅವರು ಯೋಚಿಸಿದರು. ನಿಜವಾದ ದಾಳಿಯಾದರೆ ಬರೀ ಐದು ಕ್ಷಿಪಣಿಗಳಿಂದ ಆರಂಭವಾಗುತ್ತದೆಯೇ? ನೆಲದ ಮೇಲಿನ ರೇಡಾರ್ ಏನನ್ನೂ ತೋರಿಸುತ್ತಿಲ್ಲವಲ್ಲ? ಇದು ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದರು. ಅದು ಸುಳ್ಳೇ ಆಗಿತ್ತು. ಎತ್ತರದ ಮೋಡಗಳ ಮೇಲೆ ಬಿದ್ದ ಬಿಸಿಲಿನ ಪ್ರತಿಫಲನವನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಎಂದು ತಿಳಿದಿತ್ತು.

ಪೆಟ್ರೋವ್ ಸಂತರಲ್ಲ, ಯೋಗಿಯಲ್ಲ. ಅವರಿಗೂ ಕೈಕಾಲು ನಡುಗಿರಬೇಕು. ಆದರೆ ಗಂಟೆಗೂ ಕೈಗೂ ನಡುವಿನ ಆ ಬಿಡುವನ್ನು ಅವರು ಉಳಿಸಿಕೊಂಡರು. 2017ರಲ್ಲಿ ಅವರು ತೀರಿಕೊಂಡಾಗ ಜಗತ್ತಿನ ಬಹುಪಾಲು ಜನರಿಗೆ ಅವರ ಹೆಸರೂ ಗೊತ್ತಿರಲಿಲ್ಲ.

ನಮ್ಮ ವೈದ್ಯವೃತ್ತಿಗೂ ಈ ಕಥೆಯಲ್ಲಿ ಪಾಲಿದೆ. ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಬಡಿತವನ್ನು ಸರಿಪಡಿಸುವ ಆಧುನಿಕ ಡಿಫಿಬ್ರಿಲೇಟರನ್ನು ರೂಪಿಸಿದ ಅಮೆರಿಕದ ಡಾ. ಬರ್ನಾರ್ಡ್ ಲೌನ್ ಮತ್ತು ಸೋವಿಯತ್ ಹೃದಯತಜ್ಞ ಡಾ. ಯೆವ್ಗೆನಿ ಚಾಜೋವ್ ಸೇರಿ, ಅಣುಯುದ್ಧ ತಡೆಯುವ ವೈದ್ಯರ ಸಂಘಟನೆಯನ್ನು 1980ರಲ್ಲಿ ಸ್ಥಾಪಿಸಿದರು. 1985ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಓಸ್ಲೋದಲ್ಲಿ ಪತ್ರಿಕಾಗೋಷ್ಠಿ ಬಿಸಿಯೇರಿತ್ತು, ಚಾಜೋವ್ ಮೇಲೆ ಹರಿತವಾದ ಪ್ರಶ್ನೆಗಳ ಸುರಿಮಳೆ. ಅಷ್ಟರಲ್ಲಿ ಸೋವಿಯತ್ ಪತ್ರಕರ್ತರೊಬ್ಬರು ಹೃದಯ ನಿಂತು ಕುಸಿದರು. ಲೌನ್, ಚಾಜೋವ್ ಇಬ್ಬರೂ ವೇದಿಕೆಯಿಂದ ಓಡಿ ಬಂದು ಅವರ ಎದೆ ಒತ್ತತೊಡಗಿದರು. ಪತ್ರಕರ್ತ ಬದುಕಿದರು. ಆ ಕೆಲವು ನಿಮಿಷ ಯಾರೂ ಪ್ರಶ್ನೆ ಕೇಳಲಿಲ್ಲ.

ಹಾಗಾದರೆ ಏನು ಮಾಡಬೇಕು?

ವೈದ್ಯನಾದ ಮೇಲೆ ಚೀಟಿ ಬರೆದುಕೊಡದೆ ಕಳಿಸಬಾರದು. ಇವು ನನ್ನ ರೋಗಿಗಳಿಗೆ ಹೇಳುವ, ನಾನೂ ಪಾಲಿಸಲು ಹೆಣಗುವ ನಾಲ್ಕು ಮಾತುಗಳು.

ಒಂದು, ನಿದ್ರೆ. ಅಶೋಕ ಆಯಾಸವನ್ನು ಕೋಪದ ಪಕ್ಕದಲ್ಲಿ ಇಟ್ಟದ್ದು ಸುಮ್ಮನೆ ಅಲ್ಲ. ನಿದ್ರೆಗೆಟ್ಟ ಮಿದುಳಿಗೆ ಎಲ್ಲ ದನಿಯೂ ಹುಲಿಯ ಗರ್ಜನೆಯೇ.

ಎರಡು, ಉಸಿರು. ದಿನಕ್ಕೆ ಹತ್ತು ಹದಿನೈದು ನಿಮಿಷ ಕುಳಿತು ನಿಧಾನವಾಗಿ, ಹೊರಬಿಡುವ ಉಸಿರು ಉದ್ದವಾಗುವಂತೆ ಉಸಿರಾಡಿ. ಹೃದಯವನ್ನು ನಿಧಾನಗೊಳಿಸುವ ವೇಗಸ್ ನರ ಇದರಿಂದ ಹೆಚ್ಚು ಕೆಲಸ ಮಾಡುತ್ತದೆ. ಒಂದು ಪದವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತಾ ಶಾಂತವಾಗಿ ಕೂತರೆ ಬಡಿತ, ಉಸಿರು ಎರಡೂ ಇಳಿಯುತ್ತವೆ ಎಂದು ಹಾರ್ವರ್ಡ್‌ನ ಹೃದಯತಜ್ಞ ಹರ್ಬರ್ಟ್ ಬೆನ್ಸನ್ 1975ರಲ್ಲಿ ಪುಸ್ತಕವನ್ನೇ ಬರೆದರು. ಜಪಮಣಿ ಹಿಡಿದು ಕೂರುತ್ತಿದ್ದ ನಮ್ಮ ಅಜ್ಜಿ ಆ ಪುಸ್ತಕವನ್ನು ಓದಿರಲಿಲ್ಲ.

ಮೂರು, ಸಿಟ್ಟಿನಲ್ಲಿ ಬರೆದ ಇಮೇಲ್, ವಾಟ್ಸಾಪ್ ಸಂದೇಶಗಳು ಒಂದು ರಾತ್ರಿ ಕಾಯಲಿ. ಬೆಳಿಗ್ಗೆ ಓದಿದರೆ ಅರ್ಧಕ್ಕರ್ಧ ಅಳಿಸಿಬಿಡುತ್ತೀರಿ.

ನಾಲ್ಕು, ಸಿಟ್ಟಿನ ಅಡಿಯಲ್ಲಿ ಏನಿದೆ ಎಂದು ಹುಡುಕಿ. ಜ್ವರ ಸ್ವತಃ ರೋಗವಲ್ಲ, ಒಳಗಿನ ರೋಗದ ಲಕ್ಷಣ. ಸಿಟ್ಟೂ ಹಾಗೆಯೇ. ಕೆಳಗೆ ಭಯವೋ, ಅವಮಾನವೋ, ದುಃಖವೋ ಇರುತ್ತದೆ.

ಇದರ ಜೊತೆಗೆ ಎರಡು ಎಚ್ಚರಿಕೆಗಳು. ಖಿನ್ನತೆ, ಅತಿಯಾದ ಆತಂಕ ಇವು ಕಾಯಿಲೆಗಳು. ಅಂಥವರಿಗೆ “ಮನಸ್ಸು ಶಾಂತವಾಗಿಟ್ಟುಕೊಳ್ಳಿ” ಎಂದು ಉಪದೇಶಿಸುವುದು ಮುರಿದ ಕಾಲಿನವರಿಗೆ ಓಡು ಎಂದಂತೆ. ಅವರಿಗೆ ಚಿಕಿತ್ಸೆ ಬೇಕು, ಚಿಕಿತ್ಸೆ ಇದೆ. ಎರಡನೆಯದು, ಮನೆಯಲ್ಲಿಯೋ ಕೆಲಸದಲ್ಲಿಯೋ ಹಿಂಸೆ ಅನುಭವಿಸುತ್ತಿರುವವರಿಗೆ ಶಾಂತಿಯ ಹೆಸರಿನಲ್ಲಿ ಸಹಿಸಿಕೊಳ್ಳಿ ಎನ್ನಬಾರದು. ಅನ್ಯಾಯವನ್ನು ಎದುರಿಸಿಯೂ ಮನಸ್ಸಿನಲ್ಲಿ ದ್ವೇಷ ಬೆಳೆಸಿಕೊಳ್ಳದೆ ಇರಬಹುದು ಎಂಬುದನ್ನೇ ಗಾಂಧೀಜಿ ತೋರಿಸಿದ್ದು.

ಮತ್ತೆ ಅಣ್ಣನ ವಿಷಯ

ನಾಲ್ಕನೆಯ ಮಾತನ್ನು ನನ್ನ ಮೇಲೆಯೇ ಪ್ರಯೋಗಿಸಿಕೊಳ್ಳಲು ನನಗೆ ಮೂರು ವರ್ಷ ಹಿಡಿಯಿತು. ಮನೆ ಮಾರಿದ್ದಕ್ಕೆ ನನಗೇಕೆ ಅಷ್ಟು ಸಿಟ್ಟು? ಹಣದ ವಿಷಯವಲ್ಲ, ಆ ಮನೆಯಲ್ಲಿ ನಾನು ಮುಂದೆ ವಾಸ ಮಾಡುವವನೂ ಅಲ್ಲ. ಒಂದು ರಾತ್ರಿ ನಿದ್ದೆ ಬಾರದೆ ಯೋಚಿಸುತ್ತಿದ್ದಾಗ ಉತ್ತರ ಹೊಳೆಯಿತು. ಅಪ್ಪ ಹಾಸಿಗೆ ಹಿಡಿದಾಗ ಅವರನ್ನು ಎತ್ತಿ ಕೂರಿಸಿದವನು, ಅಮ್ಮನನ್ನು ಕೊನೆಯ ಬಾರಿ ಆಸ್ಪತ್ರೆಗೆ ಕರೆದೊಯ್ದವನು ಅಣ್ಣ. ವೈದ್ಯನಾದ ಮಗ ಹತ್ತು ಸಾವಿರ ಮೈಲಿ ದೂರದಲ್ಲಿ ಫೋನಿನಲ್ಲಿ ಔಷಧಿಯ ಹೆಸರು ಹೇಳುತ್ತಿದ್ದ. ಆ ಮನೆ ಇರುವವರೆಗೆ ನಾನು ಯಾವತ್ತಾದರೂ ಹಿಂತಿರುಗಿ ಋಣ ತೀರಿಸುತ್ತೇನೆ ಎಂದು ನನ್ನನ್ನು ನಾನೇ ನಂಬಿಸಿಕೊಳ್ಳಬಹುದಿತ್ತು. ಅಣ್ಣ ಆ ನಂಬಿಕೆಯನ್ನು ಮಾರಾಟಕ್ಕೆ ಇಟ್ಟಿದ್ದ. ನಾನು ಕೂಗಾಡಿದ್ದು ಅಣ್ಣನ ಮೇಲೆ, ನನಗೆ ಸಿಟ್ಟಿದ್ದದ್ದು ನನ್ನ ಮೇಲೆಯೇ. ಅದರ ಬೆಲೆಯನ್ನು ಮೂರು ವರ್ಷ ತೆತ್ತವನು ಅವನು. ಹೊರದೇಶದಲ್ಲಿರುವ ಎಷ್ಟೋ ಓದುಗರ ಎದೆಯಲ್ಲಿ ಇಂಥದೊಂದು ಕೆಂಡ ಬೂದಿ ಮುಚ್ಚಿಕೊಂಡು ಇರಬಹುದು. ಅದಕ್ಕಾಗಿಯೇ ಇದನ್ನು ಸಂಕೋಚ ಬಿಟ್ಟು ಬರೆಯುತ್ತಿದ್ದೇನೆ.

ಮರುವರ್ಷದ ಯುಗಾದಿಯ ದಿನ, ಬೇವು-ಬೆಲ್ಲ ತಿಂದ ಮೇಲೆ, ನಾನೇ ಫೋನ್ ಮಾಡಿದೆ. ಹೇಳಬೇಕೆಂದು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದ ಮಾತೆಲ್ಲ ಅಣ್ಣನ ದನಿ ಕೇಳಿದ ಕೂಡಲೇ ಮರೆತುಹೋಯಿತು. “ಅಣ್ಣ, ನಾನು” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ನಂತರ ಅವನು ಕೇಳಿದ್ದು ಒಂದೇ ಮಾತು: “ಊಟ ಆಯ್ತೇನೋ?”

ಎಲ್ಲವೂ ಸರಿಹೋಯಿತು ಎಂದು ಹೇಳಲಾರೆ. ಮನೆ ಮಾರಿಯಾಯಿತು, ಆ ಮೂರು ವರ್ಷಗಳೂ ಹಿಂದಕ್ಕೆ ಬರುವುದಿಲ್ಲ. ಆದರೆ ಈಗ ಭಾನುವಾರ ಬೆಳಿಗ್ಗೆ ಅಣ್ಣನ ಫೋನ್ ಬಂದರೆ ನನ್ನ ಮಗಳು ಕೋಣೆ ಬಿಟ್ಟು ಹೋಗುವುದಿಲ್ಲ. “ದೊಡ್ಡಪ್ಪ” ಎಂದು ಫೋನ್ ಕಿತ್ತುಕೊಂಡು ತನ್ನ ಕಾಲೇಜಿನ ಕಥೆ ಹೇಳುತ್ತಾಳೆ. ವಿಶ್ವಶಾಂತಿಯಲ್ಲಿ ನಮ್ಮ ಮನೆಯ ಪಾಲು ಇಷ್ಟು.

ಈ ಸಲ ಪೂಜೆಯ ಕೊನೆಯಲ್ಲಿ ಮೂರು ಸಲ ಶಾಂತಿ ಎನ್ನುವಾಗ, ಮೊದಲನೆಯದನ್ನು ಸ್ವಲ್ಪ ನಿಧಾನವಾಗಿ ಹೇಳೋಣ. ನೀವೂ ಬಹಳ ದಿನದಿಂದ ಮಾಡದೇ ಬಿಟ್ಟಿರುವ ಫೋನ್ ಒಂದಿದ್ದರೆ, ಊರಲ್ಲಿ ಈಗ ಗಂಟೆ ಎಷ್ಟೆಂದು ನೋಡಿ, ಮಾಡಿಬಿಡಿ.